ಮನೆಯ ಕಂಪ್ಯೂಟರೂ ಹೊರಗಿನ ತಂತಿಯೂ

ನಮ್ಮ ಮನೆಗಳಿಗೆ ಬಂದು ಹೋಗುವ ಅತಿಥಿಗಳಲ್ಲಿ ವಿದ್ಯುಚ್ಛಕ್ತಿಯಷ್ಟು ವಿಚಿತ್ರವಾದ ಅತಿಥಿಯು ಇನ್ನೊಬ್ಬನಿಲ್ಲ. ಬರುವಾಗ ಹೇಳಿ ಬರುವದಿಲ್ಲ, ಹೋಗುವಾಗ ಕೇಳಿ ಹೋಗುವದಿಲ್ಲ. ಇದ್ದಷ್ಟು ಹೊತ್ತು ಮನೆಯ ಕೆಲಸವನ್ನೆಲ್ಲ ಬಾಯಿಮುಚ್ಚಿಕೊಂಡು ಮಾಡಿಕೊಡುವದು. ಮುನಿಸಿಕೊಂಡಿತೆಂದರೆ ಒಂದೇ ಕ್ಷಣದಲ್ಲಿ ಸಾವಿರಾರು ರೂಪಾಯಿಯ ವಸ್ತುವನ್ನು ಸುಟ್ಟು ಹೊಗೆಯಾಡಿಸಿಬಿಡುವದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಗೃಹಸ್ಥರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದ ಕಾರಣವಿಲ್ಲ. ಸಂಜೆಗೆ ದೀಪ ಕುಂದುವದನ್ನೂ, ನಡುರಾತ್ರಿಗೆ ಅದೇ ದೀಪ ಕಣ್ಣು ಕುಕ್ಕುವಂತೆ ಉರಿಯುವದನ್ನೂ ಅವರು ದಿನಾಲು ನೋಡುತ್ತ ಬಂದವರೇ ಆಗಿದ್ದಾರೆ. ದೀಪ ಕುಂದಿದರೆ ನಾವು ಸುಮ್ಮನಿರಬಹುದು. ಆದರೆ ಅದೇ ತಂತಿಗೆ ಈಗ ಕಂಪ್ಯೂಟರನ್ನು ಕಟ್ಟಿಟ್ಟಿದ್ದೇವೆ. ಅದರ ಸಹನೆಯು ದೀಪದ ಸಹನೆಯಂಥದಲ್ಲ. ಆದುದರಿಂದ ಈ ತಿಂಗಳು ಅದರ ರಕ್ಷಣೆಯ ವಿಷಯವಾಗಿ ನಾಲ್ಕು ಮಾತು ಬರೆಯುವದು ಯುಕ್ತವೆಂದು ನಮಗೆ ತೋರಿತು.

ಕಂಪ್ಯೂಟರು ಈಗ ಶ್ರೀಮಂತರ ದಿವಾಣಖಾನೆಯ ಅಲಂಕಾರವಾಗಿ ಉಳಿದಿಲ್ಲ. ಕಬ್ಬಿನ ಲೆಕ್ಕವನ್ನಿಡುವ ಒಕ್ಕಲಿಗನ ಮನೆಯಲ್ಲಿ, ತಂಬಾಕದ ದಲಾಲರ ಪೇಢಿಯಲ್ಲಿ, ಕಾಲೇಜಿಗೆ ಹೋಗುವ ಮಗಳ ಓದುವ ಮೇಜಿನ ಮೇಲೆ ಅದು ಬಂದು ಕುಳಿತಿದೆ. ಯಂತ್ರವು ಸುಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಹಣದ ನಷ್ಟ ಕಷ್ಟದ್ದಾದರೂ ತುಂಬಿಕೊಳ್ಳುವಂಥದು. ಅದರೊಳಗಿದ್ದ ಎರಡು ವರುಷದ ಲೆಕ್ಕವು ಹೋದರೆ ಯಾವ ಅಂಗಡಿಯಲ್ಲಿ ಕೊಂಡು ತರಬೇಕು? ತೀರಿಕೊಂಡ ಹಿರಿಯರ ಕೊನೆಯ ಚಿತ್ರಗಳೂ ಧ್ವನಿಯೂ ಹೋದರೆ ಯಾರು ತಂದುಕೊಡುವರು? ಈ ವಿಷಯವನ್ನು ಕೇವಲ ರಿಪೇರಿಯ ಖರ್ಚಿನ ವಿಷಯವೆಂದು ಎಣಿಸುವವರ ಲೆಕ್ಕ ನಮಗೆ ಸರಿಯಾಗಿ ಕಾಣುವದಿಲ್ಲ.

ಮೊದಲು ಈ ಅತಿಥಿಯು ಯಾವ ದಾರಿಯಿಂದ ಬರುವನೆಂಬದನ್ನು ನೋಡುವ. ಕನ್ನಡ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯೆಳೆದು ವಿದ್ಯುತ್ತನ್ನು ಒಯ್ದರು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದವು. ನಮ್ಮ ಭಾಗಕ್ಕೆ ಈಗ ವಿದ್ಯುತ್ತನ್ನು ಹಂಚುವ ಕೆಲಸವು 2002ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯದು. ಜನರ ಬಾಯಲ್ಲಿ ಅದು ಹೆಸ್ಕಾಂ. ದೊಡ್ಡ ಕೇಂದ್ರಗಳಿಂದ ಊರ ಹೊರಗಿನ ಉಪಕೇಂದ್ರದ ವರೆಗೆ ಬಂದ ವಿದ್ಯುತ್ತು ಅಲ್ಲಿಂದ 11,000 ವೋಲ್ಟಿನ ತಂತಿಗಳಲ್ಲಿ ಹಳ್ಳಿಹಳ್ಳಿಗೆ ಹರಿಯುವದು. ಓಣಿಯ ಮೂಲೆಯಲ್ಲಿ ಎರಡು ಕಂಬಗಳ ನಡುವೆ ಕುಳಿತ, ನಮ್ಮ ಜನರು ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರು ಅದನ್ನು ಇಳಿಸಿ ಮನೆಗಳಿಗೆ ಕೊಡುವದು. ಈ ಟಿ.ಸಿ.ಯ ಬಾಯಿಂದ ಹೊರಡುವಾಗ ಎರಡು ಫೇಸುಗಳ ನಡುವಿನ ಒತ್ತಡವು 433 ವೋಲ್ಟು, ಅಂದರೆ ಒಂದು ಫೇಸಿಗೂ ನ್ಯೂಟ್ರಲ್ ತಂತಿಗೂ ನಡುವೆ 250 ವೋಲ್ಟು ಇರುವಂತೆ ಅದನ್ನು ರಚಿಸಿರುತ್ತಾರೆ. ದಾರಿಯಲ್ಲಿ ತಂತಿಯು ಸ್ವಲ್ಪ ತಿನ್ನುವದಷ್ಟೆ. ಮನೆಗೆ ತಲುಪುವಷ್ಟರಲ್ಲಿ ಅದು 230ರ ಸುಮಾರಿಗೆ ಇಳಿದಿರಲೆಂಬದು ಈ ಏರ್ಪಾಡಿನ ಉದ್ದೇಶ. ಈ 230ಕ್ಕಿಂತ ನೂರಕ್ಕೆ ಆರರಿಂದ ಹತ್ತರ ವರೆಗೆ ಹೆಚ್ಚುಕಡಿಮೆಯಾದರೆ ಯಂತ್ರಗಳು ತಡೆದುಕೊಳ್ಳುವವು.

ಇದರಿಂದ ಒಂದು ಮಾತು ತಾನಾಗಿಯೇ ಹೊರಡುವದು. ಟಿ.ಸಿ.ಯ ಮಗ್ಗುಲಲ್ಲಿಯೇ ಮನೆಯಿದ್ದವರಿಗೆ, ಊರೆಲ್ಲ ಮಲಗಿದ ಮೇಲೆ, 250ರ ಹತ್ತಿರದ ಒತ್ತಡವು ಸಿಗುವದು. ತಂತಿಯ ಕೊನೆಯಲ್ಲಿ, ತೋಟದ ಮನೆಯಲ್ಲಿದ್ದವರಿಗೆ ಸಂಜೆಯ ಹೊತ್ತಿನಲ್ಲಿ 170-180ಕ್ಕೂ ಅದು ಇಳಿಯಬಹುದು. ಒಂದೇ ಊರು, ಒಂದೇ ಟಿ.ಸಿ.; ಆದರೆ ಒಬ್ಬರ ರೋಗ ಇನ್ನೊಬ್ಬರದಲ್ಲ. ಆದುದರಿಂದ ನೆರೆಮನೆಯವರು ಯಾವ ಉಪಕರಣವನ್ನು ತಂದರೋ ಅದನ್ನೇ ನಾವೂ ತರಬೇಕೆಂಬ ರೂಢಿಯು ಇಲ್ಲಿ ಸಲ್ಲದು. ಗೋಡೆಯ ಸಾಕೆಟ್ಟಿನಲ್ಲಿ ಚುಚ್ಚಿಟ್ಟರೆ ವೋಲ್ಟೇಜನ್ನು ಅಂಕಿಗಳಲ್ಲಿ ತೋರಿಸುವ ಚಿಕ್ಕ ಮೀಟರುಗಳು ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಅಂಥದೊಂದನ್ನು ತಂದು ಒಂದು ವಾರ, ಮುಂಜಾನೆ, ಮಧ್ಯಾಹ್ನ, ಸಂಜೆ, ಮಲಗುವ ಹೊತ್ತು, ಹೀಗೆ ದಿನಕ್ಕೆ ನಾಲ್ಕು ಸಲ ನೋಡಿ ಒಂದು ವಹಿಯಲ್ಲಿ ಬರೆದಿಡಿರಿ. ವೈದ್ಯನು ನಾಡಿ ನೋಡದೆ ಔಷಧ ಕೊಡುವದಿಲ್ಲ.

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಡದ ಈ ಸೀಮೆಯು ಕಬ್ಬಿನ ಸೀಮೆ. ಕಬ್ಬಿಗೆ ನೀರು ಬೇಕು, ನೀರಿಗೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಐದು ಅಶ್ವಶಕ್ತಿಯ ಒಂದು ಮೋಟಾರು ಓಡುತ್ತಿರುವಾಗ ಏಳೆಂಟು ಆಂಪಿಯರು ತಿನ್ನುವದಾದರೆ, ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟನ್ನು ಎಳೆಯುವದು. ಕರೆಂಟು ಹೋಗಿ ಮರಳಿ ಬಂದ ಕೂಡಲೆ ತಾವಾಗಿಯೇ ಮೋಟಾರು ಹೊರಡುವಂತೆ ಅನೇಕರು ಆಟೋ ಸ್ಟಾರ್ಟರುಗಳನ್ನು ಕೂಡಿಸಿದ್ದಾರೆ. ನಡುರಾತ್ರಿಯಲ್ಲಿ ಎದ್ದು, ಕೆಸರಿನಲ್ಲಿ ಹಾವುಚೇಳುಗಳನ್ನು ತುಳಿಯುತ್ತ ಹೋಗುವ ಒಕ್ಕಲಿಗನ ಕಷ್ಟವನ್ನು ಬಲ್ಲವರು ಅವನನ್ನು ದೂರಲಾರರು. ಆದರೆ ಒಂದು ಲೈನಿನ ಮೇಲಿನ ಮೋಟಾರುಗಳೆಲ್ಲ ಒಂದೇ ಕ್ಷಣಕ್ಕೆ ಎದ್ದು ನಿಂತಾಗ ಒತ್ತಡವು ಕುಸಿಯುವದು, ಅವೆಲ್ಲ ಒಮ್ಮೆಲೆ ನಿಂತಾಗ ಜಿಗಿಯುವದು. ಈ ತೊಂದರೆಯನ್ನು ಕಂಡೇ ಕರ್ನಾಟಕ ಸರಕಾರವು ನಿರಂತರ ಜ್ಯೋತಿ ಎಂಬ ಯೋಜನೆಯಿಂದ ಮನೆಗಳ ಲೈನನ್ನೂ ಪಂಪುಸೆಟ್ಟುಗಳ ಲೈನನ್ನೂ ಬೇರೆಬೇರೆ ಮಾಡಲು ಹೊರಟಿತು. ಹಾಗೆ ಬೇರ್ಪಟ್ಟ ಊರುಗಳಲ್ಲಿ ಮನೆಯ ದೀಪಕ್ಕೆ ಬಹಳ ಸುಖವಾಗಿದೆ. ಆದರೆ ತೋಟದ ನಡುವೆ ಮನೆ ಕಟ್ಟಿಕೊಂಡಿರುವ ಕುಟುಂಬಗಳು ನಮ್ಮ ಸೀಮೆಯಲ್ಲಿ ಬಹಳ. ಪಂಪಿನ ಲೈನಿನಿಂದಲೇ ಮನೆಗೂ ಕರೆಂಟು ಪಡೆಯುವಲ್ಲಿ ಆ ಸುಖವು ಪೂರ್ಣವಾಗಿ ಮುಟ್ಟುವದಿಲ್ಲ.

ಇನ್ನು ಕಡಿಮೆ ವೋಲ್ಟೇಜಿನಿಂದ ಕಂಪ್ಯೂಟರಿಗೆ ಆಗುವದೇನು? ಜನರು ಹೆದರುವಷ್ಟು ಇದರಿಂದ ಕೇಡಿಲ್ಲವೆಂದು ಹೇಳಬೇಕು. ಈಗಿನ ಲ್ಯಾಪ್‌ಟಾಪುಗಳ ಅಡಾಪ್ಟರಿನ ಮೇಲೆ ಸಣ್ಣ ಅಕ್ಷರಗಳಲ್ಲಿ 100 ರಿಂದ 240 ವೋಲ್ಟು ಎಂದು ಬರೆದಿರುತ್ತದೆ. ಅಂದರೆ 150ಕ್ಕೆ ಇಳಿದರೂ ಅದಕ್ಕೆ ಊಟ ಸಾಕು. ಮೇಲಾಗಿ ಅದರ ಹೊಟ್ಟೆಯಲ್ಲಿಯೇ ಬ್ಯಾಟರಿಯಿರುವದರಿಂದ ಕರೆಂಟು ಹೋದರೂ ಅದು ಕಣ್ಣು ಮುಚ್ಚುವದಿಲ್ಲ. ನಮ್ಮ ಸೀಮೆಯಲ್ಲಿ ಹೊಸದಾಗಿ ಕಂಪ್ಯೂಟರು ಕೊಳ್ಳುವವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಲ್ಯಾಪ್‌ಟಾಪನ್ನೇ ಕೊಳ್ಳಿರೆಂದು ನಾವು ಹೇಳುವದು ಇದೇ ಕಾರಣದಿಂದ. ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನ ಸ್ಥಿತಿ ಬೇರೆ. ಅದರ ವಿದ್ಯುತ್ ಪೆಟ್ಟಿಗೆಯು ಒತ್ತಡ ಇಳಿದಂತೆಲ್ಲ ಹೆಚ್ಚು ಕರೆಂಟನ್ನು ಎಳೆದು ಕೆಲಸ ಸಾಗಿಸಲು ಹೆಣಗುವದು, ಅದರಿಂದ ಕಾಯುವದು. ಕೊನೆಗೆ ಸಾಲದಾದಾಗ ಕಂಪ್ಯೂಟರು ತಟ್ಟನೆ ನಿಂತುಬಿಡುವದು. ಅದೇ ಕ್ಷಣದಲ್ಲಿ ಅದು ಹಾರ್ಡ್ ಡಿಸ್ಕಿನ ಮೇಲೆ ಏನನ್ನಾದರೂ ಬರೆಯುತ್ತಿದ್ದರೆ, ಅರ್ಧ ಬರೆದ ಪತ್ರದಂತೆ ಆ ಫೈಲು ಹಾಳಾಗುವದು. ಯಂತ್ರ ಉಳಿದು ಬರಹ ಸಾಯುವ ಸಂದರ್ಭಗಳು ಹೆಚ್ಚಾಗಿ ಇಂಥವೇ.

ನಿಜವಾದ ಯಮನು ಹೆಚ್ಚಿನ ವೋಲ್ಟೇಜು. ಅದರಲ್ಲಿಯೂ ಒಂದು ವಿಧದ ಅಪಘಾತವನ್ನು ಓದುಗರು ಚೆನ್ನಾಗಿ ತಿಳಿದುಕೊಳ್ಳಬೇಕೆಂದು ನಮ್ಮ ಆಶೆ. ಏಕೆಂದರೆ ಓಣಿಗೆ ಓಣಿಯೇ ಟಿ.ವಿ., ಫ್ರಿಜ್ಜು, ಕಂಪ್ಯೂಟರುಗಳನ್ನು ಕಳೆದುಕೊಂಡಿತೆಂಬ ಸುದ್ದಿಯು ಬಂದಾಗ ಬಹುಶಃ ಅದರ ಹಿಂದೆ ಇರುವದು ಇದೇ. ಜನರು ಅದನ್ನು ‘ಹೈ ವೋಲ್ಟೇಜ್ ಬಂತು’ ಎಂದು ಹೇಳಿ ಸುಮ್ಮನಾಗುವರು. ಆದರೆ ಮೇಲಿನಿಂದ ಹೆಚ್ಚು ವೋಲ್ಟೇಜು ಬಂದಿರುವದೇ ಇಲ್ಲ. ಕೆಳಗೆ ನ್ಯೂಟ್ರಲ್ ತಂತಿಯು ಕಡಿದಿರುವದು.

ಟಿ.ಸಿ.ಯಿಂದ ನಾಲ್ಕು ತಂತಿಗಳು ಹೊರಡುವವು. ಮೂರು ಫೇಸುಗಳು, ಒಂದು ನ್ಯೂಟ್ರಲ್. ಮನೆಗಳನ್ನು ಹಂಚಿ, ಕೆಲವನ್ನು ಒಂದನೆಯ ಫೇಸಿಗೆ, ಕೆಲವನ್ನು ಎರಡನೆಯದಕ್ಕೆ, ಉಳಿದವನ್ನು ಮೂರನೆಯದಕ್ಕೆ ಜೋಡಿಸಿರುತ್ತಾರೆ. ಎಲ್ಲ ಮನೆಗಳ ಕರೆಂಟೂ ತಿರುಗಿ ಹೋಗುವ ದಾರಿ ಮಾತ್ರ ಆ ಒಂದೇ ನ್ಯೂಟ್ರಲ್. ಗಾಳಿಮಳೆಗೆ ಅದು ಕಡಿದರೆ, ಅಥವಾ ಟಿ.ಸಿ.ಯ ಹತ್ತಿರದ ಅದರ ಗಂಟು ತುಕ್ಕು ತಿಂದು ಸಡಿಲಾದರೆ, ಕರೆಂಟಿಗೆ ಮರಳುವ ದಾರಿಯಿಲ್ಲದಂತಾಗುವದು. ಆಗ ಅದು ಒಂದು ಫೇಸಿನ ಮನೆಯನ್ನು ಹೊಕ್ಕು, ಇನ್ನೊಂದು ಫೇಸಿನ ಮನೆಯ ಮೂಲಕ ಹೊರಬೀಳುವದು. ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟು ಇದೆಯಷ್ಟೆ. ಆ 400ನ್ನು ಈ ಎರಡು ಮನೆಗಳು ಹಂಚಿಕೊಳ್ಳಬೇಕು. ಹಂಚಿಕೆಯಾದರೂ ಸರಿಸಮವೇ? ಅಲ್ಲ. ಒಂದು ಮನೆಯಲ್ಲಿ ಆ ಹೊತ್ತಿಗೆ 1000 ವ್ಯಾಟಿನ ಇಸ್ತ್ರಿ ಕಾಯುತ್ತಿದೆ ಎಂದು ಎಣಿಸಿರಿ. ಇನ್ನೊಂದು ಮನೆಯಲ್ಲಿ 100 ವ್ಯಾಟಿನಷ್ಟೇ ಬಳಕೆಯಿದೆ. ಹುಡುಗನೊಬ್ಬ ಕಂಪ್ಯೂಟರಿನ ಮುಂದೆ ಕುಳಿತು ಪರೀಕ್ಷೆಯ ಅರ್ಜಿ ತುಂಬುತ್ತಿದ್ದಾನೆ. ಲೆಕ್ಕ ಹಾಕಿದರೆ ಇಸ್ತ್ರಿಯ ಮನೆಗೆ ಬರುವದು ಸುಮಾರು 36 ವೋಲ್ಟು, ಹುಡುಗನ ಮನೆಗೆ ಸುಮಾರು 364 ವೋಲ್ಟು. ಕಡಿಮೆ ಕರೆಂಟು ಬಳಸುವ ಮಿತವ್ಯಯಿಯ ಮನೆಗೇ ಹೆಚ್ಚಿನ ಪೆಟ್ಟು! ವಿದ್ಯುಚ್ಛಾಸ್ತ್ರಕ್ಕೆ ನ್ಯಾಯಾನ್ಯಾಯಗಳ ಪರಿವೆಯಿಲ್ಲ.

230 ವೋಲ್ಟು ಎಂದು ನಾವು ಹೇಳುವದು ಒಂದು ಬಗೆಯ ಸರಾಸರಿ. ಸೆಕೆಂಡಿಗೆ 50 ಸಲ ಏರಿಳಿಯುವ ಆ ಅಲೆಯ ನೆತ್ತಿಯು 325 ವೋಲ್ಟಿನಷ್ಟು ಎತ್ತರದಲ್ಲಿರುವದು. ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆಯೊಳಗಿನ ಕೆಪ್ಯಾಸಿಟರುಗಳನ್ನು 400 ವೋಲ್ಟಿನ ಸುಮಾರಿನ ತಾಳಿಕೆಯನ್ನು ಎಣಿಸಿ ಮಾಡಿರುತ್ತಾರೆ. 364 ವೋಲ್ಟಿನ ಅಲೆಯ ನೆತ್ತಿ 500ನ್ನು ದಾಟುವದು. ಆಗ ಪಟಾಕಿಯಂಥ ಸಪ್ಪಳ, ಕಟುವಾದ ವಾಸನೆ. ಅಲ್ಲಿಗೆ ಕಥೆ ಮುಗಿಯುವದು.

ಆದರೆ ನ್ಯೂಟ್ರಲ್ ಪೂರ್ಣವಾಗಿ ಕಡಿಯುವ ಮೊದಲು ಅನೇಕ ಸಲ ಸೂಚನೆ ಕೊಡುವದು. ಮಿಕ್ಸರು ಹಚ್ಚಿದಾಗ ದೀಪ ಕುಂದುವದು ಸಾಮಾನ್ಯವಾದ ಮಾತು. ಆದರೆ ಮಿಕ್ಸರು ಹಚ್ಚಿದಾಗ ದೀಪವು ಹೆಚ್ಚು ಪ್ರಕಾಶವಾಗಿ ಉರಿದರೆ, ಅಥವಾ ನಿಮ್ಮ ಮನೆಯಲ್ಲಿ ದೀಪ ಕುಂದಿದ ಕ್ಷಣದಲ್ಲಿಯೇ ಎದುರು ಮನೆಯಲ್ಲಿ ಅದು ಝಗ್ಗನೆ ಬೆಳಗಿದರೆ, ಫ್ಯಾನು ಒಮ್ಮೆ ಓಡಿ ಒಮ್ಮೆ ತೆವಳಿದರೆ, ಮುಂದಿನ ವಿಚಾರ ಬೇಡ. ಮೇನ್ ಸ್ವಿಚ್ಚನ್ನು ಆರಿಸಿರಿ; ನೆರೆಯವರಿಗೂ ಆರಿಸಲು ಕೂಗಿ ಹೇಳಿರಿ; ಆ ಮೇಲೆ 1912 ಎಂಬ ಸಂಖ್ಯೆಗೆ ಫೋನು ಮಾಡಿ ನ್ಯೂಟ್ರಲ್ ಕಡಿದಂತೆ ಕಾಣುವದೆಂದು ಸ್ಪಷ್ಟವಾಗಿ ತಿಳಿಸಿರಿ. ಕಂಬ ಹತ್ತುವ ಸಾಹಸವನ್ನು ಊರ ಹುಡುಗರು ಮಾಡಕೂಡದು. ಕಡಿದು ನೇತಾಡುವ ನ್ಯೂಟ್ರಲ್ ತಂತಿಯು ನಿರಪಾಯವೆಂಬ ತಪ್ಪು ತಿಳುವಳಿಕೆಯಿಂದ ಅದನ್ನು ಮುಟ್ಟಿದರೆ ಪ್ರಾಣಕ್ಕೆ ಕುತ್ತು.

ಈ ಅಪಘಾತಕ್ಕೆ ಮದ್ದೇನೆಂದರೆ, ಮೀಟರಿನ ಮಗ್ಗುಲಿಗೆ ಕೂಡಿಸುವ ಹೆಚ್ಚು-ಕಡಿಮೆ ವೋಲ್ಟೇಜಿನ ತಡೆಗಾರ. ಒತ್ತಡವು 270ರ ಸುಮಾರನ್ನು ದಾಟಿದರೆ ಇಲ್ಲವೆ 170ರ ಕೆಳಗೆ ಇಳಿದರೆ ಅದು ಮನೆಯ ಸಂಬಂಧವನ್ನೇ ಕಡಿದುಬಿಡುವದು; ಎಲ್ಲ ಸರಿಯಾದ ಮೇಲೆ ಸ್ವಲ್ಪ ಹೊತ್ತು ಕಾದು ತಾನಾಗಿಯೇ ಜೋಡಿಸುವದು. ಒಂದು ಒಳ್ಳೆಯ ಜೊತೆ ಧೋತರದ ಬೆಲೆಯಿಂದ ಹಿಡಿದು ಅದರ ಮೂರು-ನಾಲ್ಕು ಪಟ್ಟಿನ ವರೆಗೆ ಬೆಲೆಯಿರುವ ಈ ಸಾಧನವು ಕಂಪ್ಯೂಟರನ್ನಷ್ಟೇ ಅಲ್ಲ, ಮನೆಯಲ್ಲಿದ್ದುದನ್ನೆಲ್ಲ ಕಾಯುವದು. ಒಂದೇ ಒಂದು ವಸ್ತುವಿಗೆ ಹಣ ಹಾಕುವದು ಸಾಧ್ಯವೆನ್ನುವ ಗೃಹಸ್ಥನಿಗೆ ನಾವು ಮೊದಲು ಸೂಚಿಸುವದು ಇದನ್ನೇ. ಎಂ.ಸಿ.ಬಿ. ಎಂಬ ಗುಂಡಿಯು ಈ ಕೆಲಸವನ್ನು ಮಾಡುವದೆಂದು ಅನೇಕರ ನಂಬಿಕೆ. ಅದು ಕರೆಂಟು ಹೆಚ್ಚಾದಾಗ ಬೀಳುವದೇ ಹೊರತು ವೋಲ್ಟೇಜು ಹೆಚ್ಚಾದಾಗ ಬೀಳುವದಿಲ್ಲ.

ಇನ್ನು ಸಿಡಿಲು. ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಕಾಲದಲ್ಲಿ ಮಧ್ಯಾಹ್ನದ ಬಿಸಿಲು ಸುಟ್ಟು, ಸಂಜೆಗೆ ಮೋಡ ಕವಿದು, ಧೂಳಿನ ಗಾಳಿಯೊಡನೆ ಗುಡುಗುಮಿಂಚುಗಳು ಬರುವದು ನಮ್ಮ ಕಡೆಯ ವಾಡಿಕೆ. ಒಂದು ಮಿಂಚಿನಲ್ಲಿ ಸಾಮಾನ್ಯವಾಗಿ ಮೂವತ್ತು ಸಾವಿರ ಆಂಪಿಯರಿನಷ್ಟು ಪ್ರವಾಹವು ಹರಿಯುವದು. ಅದು ಮನೆಯ ಮೇಲೆಯೇ ಎರಗಬೇಕೆಂದಿಲ್ಲ. ಅರ್ಧ ಮೈಲಿನಾಚೆಯ ಲೈನಿನ ಹತ್ತಿರ ಬಿದ್ದರೂ ತಂತಿಯಲ್ಲಿ ಸಾವಿರಾರು ವೋಲ್ಟಿನ ಒಂದು ಅಲೆಯೆದ್ದು, ಸೆಕೆಂಡಿನ ಲಕ್ಷದಲ್ಲೊಂದು ಭಾಗದ ಹೊತ್ತಿನಲ್ಲಿ ಮನೆಯನ್ನು ಹೊಕ್ಕು ಹೋಗುವದು. ಇದನ್ನು ಹಿಡಿಯಲು ಮೇಲೆ ಹೇಳಿದ ತಡೆಗಾರನಿಗೆ ಪುರಸತ್ತೇ ಇರುವದಿಲ್ಲ. ಇದಕ್ಕೆ ಬೇಕಾದುದು ಸರ್ಜ್ ಪ್ರೊಟೆಕ್ಟರು, ಅಂಗಡಿಯವರ ಮಾತಿನಲ್ಲಿ ಸ್ಪೈಕ್ ಗಾರ್ಡು. ಅದರೊಳಗೆ ಸತುವಿನ ಆಕ್ಸೈಡಿನಿಂದ ಮಾಡಿದ ಬಿಲ್ಲೆಗಳಿರುವವು. ಕೆರೆಗೆ ಕೋಡಿಯಿರುವಂತೆ ತಂತಿಗೆ ಇವು. ನೀರು ಮಟ್ಟದಲ್ಲಿರುವ ವರೆಗೆ ಕೋಡಿಯು ಒಣಗಿ ನಿಂತಿರುವದು. ಮಟ್ಟ ಮೀರಿದ ಕೂಡಲೆ ಹೆಚ್ಚಿನದನ್ನು ಆಚೆಗೆ ಹರಿಸಿ ಏರಿಯನ್ನು ಕಾಯುವದು. ಆದರೆ ಪ್ರತಿಯೊಂದು ದೊಡ್ಡ ಅಲೆಗೂ ಕೋಡಿಯ ಕಲ್ಲು ಸ್ವಲ್ಪ ಸವೆಯುವಂತೆ ಈ ಬಿಲ್ಲೆಗಳೂ ಸವೆಯುವವು. ಒಳ್ಳೆಯ ಸಾಧನಗಳಲ್ಲಿ ರಕ್ಷಣೆಯಿದೆಯೆಂದು ತೋರಿಸುವ ಚಿಕ್ಕ ದೀಪವಿರುತ್ತದೆ. ಅದು ಆರಿದರೆ, ಉಳಿದ ಸಾಕೆಟ್ಟುಗಳು ಎಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿರಲಿ, ಅದು ಈಗ ಬರಿಯ ಎಕ್ಸ್‌ಟೆನ್ಶನ್ ಬೋರ್ಡು ಮಾತ್ರ.

ಬರಿಯ ಬೋರ್ಡುಗಳನ್ನೇ ಸ್ಪೈಕ್ ಗಾರ್ಡೆಂದು ಮಾರುವ ಪದ್ಧತಿಯೂ ಪೇಟೆಯಲ್ಲಿದೆ. ಡಬ್ಬಿಯ ಮೇಲೆ ಎಷ್ಟು ಜೂಲು ಶಕ್ತಿಯನ್ನು ತಾಳುವದೆಂಬ ಅಂಕಿಯಿಲ್ಲದಿದ್ದರೆ ಅದನ್ನು ಕೆಳಗಿಟ್ಟು ಬರುವದು ಒಳಿತು. ಇನ್ನೊಂದು ಮಾತು: ನ್ಯೂಟ್ರಲ್ ಕಡಿದು 364 ವೋಲ್ಟು ನಿಮಿಷಗಟ್ಟಲೆ ನಿಂತರೆ ಈ ಬಿಲ್ಲೆಗಳೇ ಕೆಂಪಗೆ ಕಾದು ಉರಿಯಬಹುದು. ಮಹಾಪೂರದ ಮುಂದೆ ಕೋಡಿಯೇ ಕೊಚ್ಚಿಹೋದಂತೆ. ಆದುದರಿಂದ ಸ್ಪೈಕ್ ಗಾರ್ಡು ಒಂದು, ವೋಲ್ಟೇಜಿನ ತಡೆಗಾರ ಒಂದು. ಒಂದರ ಕೆಲಸವನ್ನು ಇನ್ನೊಂದು ಮಾಡುವದಿಲ್ಲ.

ಸಿಡಿಲಿಗೆ ಎಲ್ಲಕ್ಕಿಂತ ಸೋವಿಯಾದ ಮತ್ತು ನಿಶ್ಚಿತವಾದ ಉಪಾಯಕ್ಕೆ ಒಂದು ಕಾಸೂ ಬೇಡ. ಮೋಡ ಕವಿದಾಗಲೇ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡುವದು. ಸ್ವಿಚ್ಚು ಆರಿಸಿದರೆ ಸಾಲದು. ಸ್ವಿಚ್ಚಿನೊಳಗಿನ ಕೂದಲೆಳೆಯಂಥ ಸಂದು ಆಕಾಶದಿಂದಿಳಿದ ಮಿಂಚಿಗೆ ಯಾವ ಲೆಕ್ಕದ್ದು? ಆದರೆ ಈ ಕೆಲಸವನ್ನು ಮಳೆ ದೂರವಿರುವಾಗಲೇ ಮಾಡಬೇಕು. ಮಿಂಚು ಕಂಡ ಮೇಲೆ ಗುಡುಗು ಕೇಳಿಸಲು ಮೂರು ಸೆಕೆಂಡು ಹಿಡಿದರೆ ಸಿಡಿಲು ಒಂದು ಕಿಲೋಮೀಟರು ದೂರದಲ್ಲಿದೆಯೆಂದು ಅರ್ಥ. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿಸಿತೆಂದರೆ ತಂತಿ, ಪ್ಲಗ್ಗುಗಳನ್ನು ಮುಟ್ಟದೆ ದೂರವಿರುವದೇ ಲೇಸು. ಕಂಪ್ಯೂಟರಿಗಿಂತ ಕೈ ದೊಡ್ಡದು.

ಪ್ಲಗ್ಗು ಕಿತ್ತಿಟ್ಟವರೂ ಒಂದನ್ನು ಮರೆಯುವದುಂಟು. ಮನೆಯೊಳಗೆ ಬರುವ ತಂತಿ ಒಂದೇ ಅಲ್ಲ. ಟೆಲಿಫೋನಿನ ತಾಮ್ರದ ತಂತಿ, ಛಾವಣಿಯ ಮೇಲಿನ ತಟ್ಟೆ ಆಂಟೆನಾದ ಕೇಬಲ್ಲು, ಕಂಬದಿಂದ ಕಂಬಕ್ಕೆ ಹಾರಿಬಂದ ಇಂಟರ್ನೆಟ್ಟಿನ ಕೇಬಲ್ಲು, ಇವೆಲ್ಲ ಸಿಡಿಲಿಗೆ ಹಿತ್ತಲ ಬಾಗಿಲುಗಳು. ವಿದ್ಯುತ್ತಿನ ಕಡೆಯಿಂದ ಭದ್ರವಾಗಿದ್ದ ಯಂತ್ರವು ಈ ದಾರಿಯಿಂದ ಬಂದ ಪೆಟ್ಟಿಗೆ ಬಲಿಯಾಗುವದುಂಟು. ಗಾಜಿನ ಎಳೆಯಲ್ಲಿ ಬೆಳಕಿನಿಂದ ಸುದ್ದಿ ಸಾಗಿಸುವ ಫೈಬರು ಈಗ ಹಳ್ಳಿಗಳಿಗೂ ಬರುತ್ತಿರುವದು ಈ ದೃಷ್ಟಿಯಿಂದ ದೊಡ್ಡ ಉಪಕಾರ. ಗಾಜು ವಿದ್ಯುತ್ತನ್ನು ಒಯ್ಯುವದಿಲ್ಲ.

ಅರ್ಥಿಂಗಿನ ವಿಷಯದಲ್ಲಿ ನಮ್ಮ ಗೃಹಸ್ಥರ ಉದಾಸೀನತೆಯನ್ನು ಕಂಡು ನಮಗೆ ಆಶ್ಚರ್ಯವಾಗುವದು. ಮನೆ ಕಟ್ಟುವಾಗ ಬಾಗಿಲಿನ ಕೆತ್ತನೆಗೆ ಹಣ ಸುರಿಯುವವರು ನೆಲದಲ್ಲಿ ಹೂಳುವ ಒಂದು ಕೊಳವೆಗೆ ಜಿಪುಣತನ ತೋರುವರು. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯು ಸೇರಬೇಕಾದುದು ಈ ಕೊಳವೆಗೆ. ಅದಿಲ್ಲದಿದ್ದರೆ ಕಂಪ್ಯೂಟರಿನ ತಗಡಿನ ಮೈಯನ್ನು ಮುಟ್ಟಿದಾಗ ಜುಮ್ಮೆನ್ನುವದು; ಸ್ಪೈಕ್ ಗಾರ್ಡಿಗೂ ಹೆಚ್ಚಿನದನ್ನು ನೆಲಕ್ಕೆ ಚೆಲ್ಲುವ ಕಾಲುವೆಯಿಲ್ಲದೆ ಅದು ಅರ್ಧ ಕೆಲಸ ಮಾಡುವದು. ನದಿದಂಡೆಯ ಎರೆಮಣ್ಣು ತೇವ ಹಿಡಿಯುವದರಿಂದ ಅರ್ಥಿಂಗಿಗೆ ಒಳ್ಳೆಯದು. ಆದರೆ ಬೇಸಿಗೆಯಲ್ಲಿ ಅದು ಒಣಗಿ ಬಿರುಕುಬಿಟ್ಟು ಕೊಳವೆಯಿಂದ ದೂರ ಸರಿಯುವದು. ಚಿಕ್ಕೋಡಿಯ ಕಡೆಯ ಗುಡ್ಡದ ಊರುಗಳಲ್ಲಿ ಸ್ವಲ್ಪ ಅಗೆದರೆ ಕರಿಕಲ್ಲು; ಅಲ್ಲಿ ಒಂದು ಕೊಳವೆ ಸಾಲದೆ ಎರಡನ್ನು ದೂರದೂರ ಹೂಳಿ ಜೋಡಿಸಬೇಕಾದೀತು. ಇದ್ದಲಿ-ಉಪ್ಪುಗಳನ್ನು ತುಂಬಿದ ಗುಂಡಿಗೆ ಚೈತ್ರ-ವೈಶಾಖಗಳಲ್ಲಿ ವಾರಕ್ಕೆರಡು ಕೊಡ ನೀರು ಹಾಕುವ ಕೆಲಸವನ್ನು ತುಲಸಿಗೆ ನೀರೆರೆಯುವವರಿಗೇ ಒಪ್ಪಿಸಿದರೆ ಮರೆಯುವ ಭಯವಿಲ್ಲ. ಅರ್ಥಿನ ಅನುಕೂಲವಿಲ್ಲವೆಂದು ಸಾಕೆಟ್ಟಿನೊಳಗೆ ಅರ್ಥನ್ನೂ ನ್ಯೂಟ್ರಲನ್ನೂ ಒಂದಾಗಿ ಗಂಟುಹಾಕುವ ಕೆಲವು ವಾಯರಮನ್ನರ ಯುಕ್ತಿಗೆ ಮಾತ್ರ ಒಪ್ಪಬೇಡಿರಿ. ನ್ಯೂಟ್ರಲ್ ಕಡಿದ ದಿನ ಕಂಪ್ಯೂಟರಿನ ಮೈಯೇ ಫೇಸಾಗುವದು.

ಸ್ಟೆಬಿಲೈಜರು, ಯು.ಪಿ.ಎಸ್., ಇನ್ವರ್ಟರು ಈ ಮೂರನ್ನೂ ಕೂಡಿಸಿ ಗೊಂದಲ ಮಾಡಿಕೊಳ್ಳುವವರು ಬಹಳ. ಸ್ಟೆಬಿಲೈಜರು ಒತ್ತಡವನ್ನು ಏರಿಸಿ ಇಳಿಸಿ ಸರಿಮಾಡುವದು. ಕರೆಂಟು ಹೋದರೆ ಅದೂ ಸುಮ್ಮನಾಗುವದು. ಫ್ರಿಜ್ಜಿಗೆ ಅದು ಒಳ್ಳೆಯ ಸಂಗಾತಿ, ಕಂಪ್ಯೂಟರಿಗೆ ಅಷ್ಟಕ್ಕಷ್ಟೆ. ಕಂಪ್ಯೂಟರಿಗೆ ಯೋಗ್ಯವಾದುದು ಯು.ಪಿ.ಎಸ್. ಅದರಲ್ಲಿ ಬ್ಯಾಟರಿಯೂ ಇದೆ. ಲೈನ್ ಇಂಟರಾಕ್ಟಿವ್ ಎಂಬ ಜಾತಿಯದು ಬ್ಯಾಟರಿಯನ್ನು ಮುಟ್ಟದೆಯೇ ಏರಿಳಿತವನ್ನು ತಿದ್ದುವದರಿಂದ ನಮ್ಮ ಊರುಗಳಿಗೆ ಅದೇ ಒಪ್ಪುವದು. ದಿನಕ್ಕೆ ಹತ್ತು ಸಲ ಬ್ಯಾಟರಿಗೆ ಹೋಗುವ ಕೀಳುದರ್ಜೆಯ ಯು.ಪಿ.ಎಸ್. ವರುಷದೊಳಗೆ ಬ್ಯಾಟರಿಯನ್ನು ತಿಂದುಹಾಕುವದು. ಸಾಮಾನ್ಯವಾದ 600 ವಿ.ಎ.ಯ ಯು.ಪಿ.ಎಸ್. ಒಂದು ಕಂಪ್ಯೂಟರನ್ನೂ ಅದರ ಪರದೆಯನ್ನೂ ಹತ್ತು-ಹದಿನೈದು ನಿಮಿಷ ನಡೆಸೀತು. ಇದು ಕೆಲಸ ಮುಂದುವರಿಸುವ ಸಲುವಾಗಿ ಕೊಟ್ಟ ವೇಳೆಯಲ್ಲ, ಬರೆದುದನ್ನು ಉಳಿಸಿ ಕ್ರಮವಾಗಿ ಮುಚ್ಚುವ ಸಲುವಾಗಿ ಕೊಟ್ಟದ್ದು. ಲೇಸರ್ ಪ್ರಿಂಟರನ್ನು ಅದಕ್ಕೆ ಕಟ್ಟಬಾರದು. ಕಾಗದವನ್ನು ಬಿಸಿಮಾಡಲು ಅದು ಒಮ್ಮೆಲೆ ಎಳೆಯುವ ಶಕ್ತಿಗೆ ಯು.ಪಿ.ಎಸ್. ತತ್ತರಿಸುವದು.

ಮನೆಯಲ್ಲಿ ದೊಡ್ಡ ಇನ್ವರ್ಟರು ಇದ್ದವರು ಯು.ಪಿ.ಎಸ್. ಏಕೆಂದು ಕೇಳುವದುಂಟು. ಕರೆಂಟು ಹೋದ ಮೇಲೆ ಕಂಪ್ಯೂಟರು ತನ್ನೊಳಗಿನ ಉಸಿರಿನಿಂದ ಬದುಕುವದು ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗ ಮಾತ್ರ. ಅಷ್ಟರೊಳಗೆ ಇನ್ವರ್ಟರು ಕೈಕೊಡದಿದ್ದರೆ ಅದು ನಿಂತು ಹೊಸದಾಗಿ ಶುರುವಾಗುವದು. ಅನೇಕ ಇನ್ವರ್ಟರುಗಳ ಹಿಂದೆ ಯು.ಪಿ.ಎಸ್. ಎಂದು ಬರೆದ ಒಂದು ಗುಂಡಿಯಿರುತ್ತದೆ. ಅದನ್ನು ಆ ಕಡೆಗೆ ಒತ್ತಿದರೆ ಬದಲಾವಣೆಯು ಬೇಗನೆ ಆಗುವದು. ಕೊಳ್ಳುವಾಗ ಸೈನ್ ವೇವ್ ಜಾತಿಯದನ್ನೇ ಕೇಳಿರಿ. ಚೌಕ ಅಲೆಯ ಇನ್ವರ್ಟರು ಫ್ಯಾನಿನಿಂದ ಗುಂಯ್‌ಗುಟ್ಟುವ ಸಂಗೀತ ಹೊರಡಿಸುವದಲ್ಲದೆ ಈಚಿನ ಕಂಪ್ಯೂಟರುಗಳ ವಿದ್ಯುತ್ ಪೆಟ್ಟಿಗೆಗಳಿಗೂ ಹಿತವಲ್ಲ. ಬ್ಯಾಟರಿಯನ್ನು ಬಿಸಿಲು ಬೀಳದ, ಗಾಳಿಯಾಡುವ ಕಡೆಯಲ್ಲಿಡಬೇಕು. ಶೆಕೆಯು ಹತ್ತು ಡಿಗ್ರಿ ಹೆಚ್ಚಾದರೆ ಅದರ ಆಯುಷ್ಯವು ಹೆಚ್ಚುಕಡಿಮೆ ಅರ್ಧವಾಗುವದು. ಚಾರ್ಜಾಗುವಾಗ ಹೊರಡುವ ಜಲಜನಕವು ಕಿಡಿ ತಾಗಿದರೆ ಸ್ಫೋಟಿಸುವಂಥದಾದ್ದರಿಂದ ದೇವರ ದೀಪದ ಮಗ್ಗುಲಲ್ಲಿ ಅದನ್ನಿಡುವದು ಸರಿಯಲ್ಲ.

ನಮ್ಮ ಸೀಮೆಯ ಇನ್ನೊಂದು ಸಂಕಟವನ್ನು ಹೇಳದೆ ಬಿಡುವಂತಿಲ್ಲ. 2005ರಲ್ಲಿಯೂ, 2019ರ ಆಗಸ್ಟಿನಲ್ಲಿಯೂ, 2021ರಲ್ಲಿಯೂ ಕೃಷ್ಣೆಯು ಉಕ್ಕಿ ದಂಡೆಯ ಊರುಗಳನ್ನು ಹೊಕ್ಕದ್ದನ್ನು ನಾವಾರೂ ಮರೆತಿಲ್ಲ. ಮನೆ ಬಿಡುವ ಹೊತ್ತಿನಲ್ಲಿ ಮುದುಕರನ್ನೂ ಮಕ್ಕಳನ್ನೂ ದನಕರುಗಳನ್ನೂ ನೋಡಬೇಕೋ ಕಂಪ್ಯೂಟರನ್ನು ನೋಡಬೇಕೋ? ನಿಜ. ಆದರೂ ಮೇನ್ ಸ್ವಿಚ್ಚನ್ನು ಆರಿಸುವದಕ್ಕೆ ಒಂದು ಕ್ಷಣ ಸಾಕು, ಮತ್ತು ಅದು ಯಂತ್ರದ ಸಲುವಾಗಿ ಅಲ್ಲ, ಜೀವದ ಸಲುವಾಗಿ. ನೀರಿಳಿದು ಮರಳಿ ಬಂದವರ ಆತುರವೇ ದೊಡ್ಡ ಕೇಡು. ಹೊರಗೆ ಒಣಗಿದಂತೆ ಕಾಣುವ ಬೋರ್ಡಿನೊಳಗೆ, ಗೋಡೆಯ ಕೊಳವೆಗಳೊಳಗೆ ಕೆಸರೂ ತೇವವೂ ವಾರಗಟ್ಟಲೆ ಇರುವವು. ತಿಳಿದ ಎಲೆಕ್ಟ್ರಿಶಿಯನ್ನನು ಪರೀಕ್ಷಿಸುವ ವರೆಗೆ ಮೇನನ್ನು ಹಾಕಕೂಡದು. ನೀರು ಹೊಕ್ಕ ಕಂಪ್ಯೂಟರನ್ನು ‘ಆಗುವದೋ ನೋಡುವ’ ಎಂದು ಹಚ್ಚಿ ನೋಡಿದರೆ ಅದರೊಳಗಿನ ಬರಹವನ್ನು ಉಳಿಸಿಕೊಳ್ಳುವ ಕೊನೆಯ ಅವಕಾಶವೂ ಹೋಗುವದು. ಹಾರ್ಡ್ ಡಿಸ್ಕನ್ನು ತೆಗೆಯಿಸಿ ಬಲ್ಲವರ ಕೈಗೆ ಕೊಡಬೇಕು. ಊರಲ್ಲಿ ಕರೆಂಟು ಹೊಸದಾಗಿ ಬಂದ ಮೊದಲ ಒಂದೆರಡು ದಿನ ಏರಿಳಿತ ಹೆಚ್ಚು. ದೀಪ, ಫ್ಯಾನುಗಳಿಂದ ತೃಪ್ತರಾಗಿ ಉಳಿದುದನ್ನು ತಡೆದಿಡುವದು ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಒಂದು ದಿನ ಯಂತ್ರ ಸುಡಲಾರದೆಂದು ಯಾರೂ ಮುಚ್ಚಳಿಕೆ ಬರೆದುಕೊಡಲಾರರು. ಆದುದರಿಂದ ಲೆಕ್ಕಪತ್ರ, ಚಿತ್ರ, ಮಕ್ಕಳ ಬರಹಗಳ ಒಂದು ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಮಾಡಿ, ಕೆಲಸ ಮುಗಿದೊಡನೆ ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಿತ್ತು ಕಪಾಟಿನಲ್ಲಿಡಬೇಕು. ಕಟ್ಟಿಯೇ ಬಿಟ್ಟ ಡಿಸ್ಕು ಯಂತ್ರದೊಡನೆ ಸಹಗಮನ ಮಾಡುವದು. ನದಿದಂಡೆಯವರು ಇನ್ನೊಂದು ಪ್ರತಿಯನ್ನು ಎತ್ತರದ ಊರಿನ ನೆಂಟರ ಮನೆಯಲ್ಲಿ ಇಡಲಿ, ಇಲ್ಲವೆ ಇಂಟರ್ನೆಟ್ಟಿನ ಮೂಲಕ ದೂರದ ಭಂಡಾರಗಳಲ್ಲಿ ಇಡಲಿ. ಅಮಾವಾಸ್ಯೆಗೊಮ್ಮೆ ಈ ಪ್ರತಿ ಮಾಡುವ ವಾಡಿಕೆಯನ್ನು ಹಾಕಿಕೊಂಡ ವ್ಯಾಪಾರಸ್ಥರನ್ನು ನಾವು ಬಲ್ಲೆವು. ಲಕ್ಷ್ಮೀಪೂಜೆಗೆ ಕೂಡುವ ಮೊದಲು ಖಾತೆಯ ನಕಲು.

ಕೊನೆಗೆ ಹಕ್ಕಿನ ಮಾತು. ವೋಲ್ಟೇಜು ಸರಿಯಿಲ್ಲವೆಂಬದು ದೈವವಶವೆಂದು ಕೈಕಟ್ಟಿ ಕೂಡುವಂಥದಲ್ಲ. 2003ರ ವಿದ್ಯುತ್ ಕಾಯದೆಯ 57ನೆಯ ಕಲಮಿನ ಪ್ರಕಾರ ಸರಬರಾಜು ಯಾವ ಮಟ್ಟದಲ್ಲಿರಬೇಕೆಂಬದನ್ನು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಗೊತ್ತುಪಡಿಸಬಹುದು. ಅದನ್ನು ಮುಟ್ಟದಿದ್ದರೆ ಗ್ರಾಹಕನಿಗೆ ಪರಿಹಾರ ಸಲ್ಲುವದಕ್ಕೆ ಅಲ್ಲಿ ಎಡೆಯಿದೆ. ಕಂಪನಿಯ ಉತ್ತರ ಸಮಾಧಾನಕರವಾಗದಿದ್ದರೆ 42ನೆಯ ಕಲಮಿನಂತೆ ಗ್ರಾಹಕರ ದೂರುಗಳ ವೇದಿಕೆಗೂ, ಅಲ್ಲಿಂದ ಮೇಲೆ ಒಂಬುಡ್ಸ್‌ಮನ್ನರಿಗೂ ಹೋಗಬಹುದು. ಉಪಕರಣ ಸುಟ್ಟ ಮಾತ್ರಕ್ಕೆ ಹಣ ಕೈಗೆ ಬರುವದೆಂದು ನಂಬಿ ಕೂಡಬಾರದು. ತೋರಿಸಲು ದಾಖಲೆ ಬೇಕು. ಮೇಲೆ ಹೇಳಿದ ವಹಿಯ ಉಪಯೋಗವು ಇಲ್ಲಿ ಬರುವದು. ತಾರೀಖು, ವೇಳೆ, ಮೀಟರು ತೋರಿಸಿದ ಅಂಕಿ, 1912ಕ್ಕೆ ಫೋನು ಮಾಡಿದಾಗ ಕೊಟ್ಟ ದೂರಿನ ನಂಬರು, ಇಷ್ಟನ್ನು ಬರೆದಿಟ್ಟು, ಒಂದೇ ಟಿ.ಸಿ.ಯ ಹತ್ತು ಮನೆಯವರು ಕೂಡಿ ಸಹಿ ಮಾಡಿ ಶಾಖಾ ಕಚೇರಿಗೆ ಅರ್ಜಿ ಕೊಟ್ಟರೆ ಅದರ ತೂಕವೇ ಬೇರೆ. ಅನೇಕ ಸಲ ಬೇಕಾದುದು ಹೊಸ ಟಿ.ಸಿ.ಯೂ ಅಲ್ಲ, ಒಂದು ಫೇಸಿನ ಮೇಲೆ ಹೆಚ್ಚಾಗಿ ಬಿದ್ದ ಮನೆಗಳನ್ನು ಇನ್ನೊಂದಕ್ಕೆ ಹಂಚುವದು, ಸಡಿಲಾದ ನ್ಯೂಟ್ರಲಿನ ಗಂಟನ್ನು ಬಿಗಿಯುವದು, ಇಷ್ಟರಿಂದಲೇ ಓಣಿಯ ಕಷ್ಟ ಕಳೆಯುವದು. ಮಳೆಗಾಲಕ್ಕೆ ಮೊದಲು, ಅಂದರೆ ಯುಗಾದಿಯ ಸುಮಾರಿಗೆ, ಅರ್ಜಿ ಕೊಡುವದು ಲೇಸು; ಮೃಗಶಿರೆ ಹತ್ತಿದ ಮೇಲೆ ಲೈನಮನ್ನರಿಗೆ ಮುರಿದ ಕಂಬಗಳನ್ನು ನಿಲ್ಲಿಸುವದೇ ಕೆಲಸವಾಗುವದು. ಅರ್ಜಿಯ ಪ್ರತಿಯ ಮೇಲೆ ಮುಟ್ಟಿದ ಬಗ್ಗೆ ಸಿಕ್ಕೆ ಹಾಕಿಸಿಕೊಂಡು ಬರಬೇಕು.